ರಾತ್ರಿ ಪಾಳಿ, ಹಳೇ ಬಸ್ಸು, ಬೆಳಿಗ್ಗೆ ಕ್ಲಾಸು: ‘ಈಗ ತಗೊಂಡು ಹೋಗು, ನಾಳೆ ನೋಡೋಣ’ ಅಂದರೆ ಏನು ಮಾಡುತ್ತೀರಿ?

ರಾತ್ರಿ_ರೂಟ್ (ಚರ್ಚೆ ಶುರು ಮಾಡಿದವರು)

ನಾನು ಓದುವ ಕಡೆ ಕ್ಯಾಂಪಸ್ ಬಸ್ಸುಗಳನ್ನು ವಿದ್ಯಾರ್ಥಿಗಳೇ ಓಡಿಸುತ್ತೇವೆ. ತರಬೇತಿ, ಲೈಸೆನ್ಸ್ ಎಲ್ಲಾ ಸರಿಯಾಗಿಯೇ ಕೊಟ್ಟಿದ್ದಾರೆ. ಲೈಬ್ರರಿ, ಲ್ಯಾಬ್, ಹಾಸ್ಟೆಲ್, ರೈಲು ನಿಲ್ದಾಣ, ಮತ್ತೆ ಲೈಬ್ರರಿ. ನನಗೆ ಹೆಚ್ಚಾಗಿ ಸಿಗುವುದು ಕೊನೆಯ ಪಾಳಿ, ಸಂಜೆಯಿಂದ ರಾತ್ರಿ ಎರಡೂವರೆ ತನಕ. ಕೆಲಸ ಇಷ್ಟ. ತಕರಾರು ಇರುವುದು ಬಸ್ಸುಗಳ ಮೇಲೆ.

ಒಳ್ಳೆಯ ಬಸ್ಸುಗಳು ಹಗಲಿನ ರೂಟ್‌ಗೆ ಹೋಗುತ್ತವೆ. ಸಂಜೆ ಅವನ್ನು ತೊಳೆಯೋಕೆ, ಸರ್ವಿಸ್‌ಗೆ ಅಂತ ಒಳಗೆ ಎಳೆಯುತ್ತಾರೆ. ಉಳಿದದ್ದು ನಮಗೆ. ಒಂದು ಬಸ್ಸಿನ ಹಿಂಬಾಗಿಲು ಮುಚ್ಚಿದ್ದರೂ ಬಸ್ಸು ಅದನ್ನು ನಂಬುವುದಿಲ್ಲ, ಮುಂದಕ್ಕೆ ಹೋಗಲು ಒಪ್ಪುವುದೇ ಇಲ್ಲ. ಇನ್ನೊಂದು ಸ್ಟಾಪ್‌ನಲ್ಲಿ ನಿಂತ ತಕ್ಷಣ ಒಳಗಿನ ದೀಪಗಳು ಮಂಕಾಗುತ್ತವೆ. ಮೂರನೆಯದರಲ್ಲಿ ಸಾಲಾಗಿ ನಾಲ್ಕು ಸ್ಟಾಪ್ ಹಿಡಿದರೆ ಬ್ರೇಕಿನ ಗಾಳಿ ಒತ್ತಡದ ಮುಳ್ಳು ಸರ್ರನೆ ಇಳಿಯುತ್ತದೆ.

ಬಸ್ಸು ಕಳಿಸುವ ಕಂಟ್ರೋಲ್ ರೂಮಿಗೆ ಹೇಳಿದರೆ ಒಂದೇ ಉತ್ತರ: ‘ಈಗ ತಗೊಂಡು ಹೋಗು, ನಾಳೆ ನೋಡೋಣ.’ ನಾಳೆ ಮೆಕ್ಯಾನಿಕ್ ನೋಡಿದಾಗ ಬಸ್ಸು ಸರಿಯಾಗಿರುತ್ತದೆ. ಪುಸ್ತಕದಲ್ಲಿ ‘ದೋಷ ಕಂಡುಬಂದಿಲ್ಲ’ ಅಂತ ಬರೆಯುತ್ತಾರೆ. ಸಂಜೆ ಅದೇ ಬಸ್ಸು ಮತ್ತೆ ನನ್ನ ಕೈಗೆ.

ಯಾವ ದೋಷಕ್ಕೆ ‘ಓಡಿಸಲ್ಲ’ ಅನ್ನಬೇಕು, ಯಾವುದನ್ನು ಸಹಿಸಿಕೊಳ್ಳಬೇಕು? ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸ್ ಇಟ್ಟುಕೊಂಡು ಇದನ್ನೆಲ್ಲಾ ಹೇಗೆ ನಿಭಾಯಿಸುತ್ತೀರಿ?

---

ಗ್ರೀಸ್_ಕೈ

ನಾನು ಬಸ್ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವನು. ನೀವು ಬೈಯುತ್ತಿರುವ ಆ ‘ದೋಷ ಕಂಡುಬಂದಿಲ್ಲ’ ಬರೆಯುವ ಗುಂಪಿನವನೇ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ರಾತ್ರಿ ಬಸ್ಸು ಜಾಸ್ತಿ ಕೆಡುತ್ತದೆ ಅನ್ನುವುದು ನಿಮ್ಮ ಭ್ರಮೆ ಅಲ್ಲ. ಬಸ್ಸಿನ ವಿದ್ಯುತ್ ವ್ಯವಸ್ಥೆ ಸಾಮಾನ್ಯವಾಗಿ 24 ವೋಲ್ಟ್‌ನದು, 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಎಂಜಿನ್ ಓಡುವಾಗ ಮೀಟರ್ 27ರಿಂದ 28 ತೋರಿಸಬೇಕು. ಹಗಲಲ್ಲಿ ಹೆಡ್‌ಲೈಟ್ ಇಲ್ಲ, ಒಳಗಿನ ದೀಪ ಇಲ್ಲ. ರಾತ್ರಿ ಅವೆಲ್ಲಾ ಒಟ್ಟಿಗೆ ಉರಿಯುತ್ತವೆ, ಜೊತೆಗೆ ಫ್ಯಾನು, ಬೋರ್ಡು, ಮಳೆ ಬಂದರೆ ವೈಪರ್. ಎಂಜಿನ್ ಐಡಲ್‌ನಲ್ಲಿ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ ಕೊಡುವ ಕರೆಂಟೂ ಕಡಿಮೆ. ಸ್ಟಾಪ್‌ನಲ್ಲಿ ದೀಪ ಮಂಕಾಗುವುದಕ್ಕೆ ಇದೇ ಕಾರಣ. ಬೆಲ್ಟ್ ಸಡಿಲ ಆಗಿರಬಹುದು, ಆಲ್ಟರ್ನೇಟರ್ ಸೋತಿರಬಹುದು, ಅರ್ಥ್ ತಂತಿ ತುಕ್ಕು ಹಿಡಿದಿರಬಹುದು. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ದೀಪ ಹಾಕದೆ ನೋಡಿದರೆ ನನಗೆ ಏನು ಕಾಣುತ್ತದೆ ಹೇಳಿ?

ಬಾಗಿಲಿನ ವಿಷಯ. ಬಾಗಿಲು ತೆರೆದಿರುವಾಗ ಬ್ರೇಕ್ ಹಿಡಿದಿಟ್ಟು ಆಕ್ಸಿಲರೇಟರ್ ಕೆಲಸ ಮಾಡದಂತೆ ತಡೆಯುವ ಏರ್ಪಾಡಿಗೆ ಇಂಟರ್‌ಲಾಕ್ ಅನ್ನುತ್ತೇವೆ. ಬಾಗಿಲು ಮುಚ್ಚಿದೆ ಅಂತ ಒಂದು ಚಿಕ್ಕ ಸ್ವಿಚ್ ಹೇಳಬೇಕು. ಆ ಸ್ವಿಚ್ ಒಂದಿಷ್ಟು ಸರಿದಿದ್ದರೂ, ಧೂಳು ಕೂತಿದ್ದರೂ ಬಸ್ಸು ನಿಂತಲ್ಲೇ ನಿಲ್ಲುತ್ತದೆ. ಬಾಗಿಲನ್ನು ಪೂರ್ತಿ ತೆರೆದು ಮತ್ತೆ ಮುಚ್ಚಿ. ಮೆಟ್ಟಿಲಿನ ಸಂದಿಯಲ್ಲಿ ಏನಾದರೂ ಸಿಕ್ಕಿದೆಯಾ ನೋಡಿ. ಅಷ್ಟಕ್ಕೂ ಆಗದಿದ್ದರೆ ಅದು ರಿಪೇರಿ ಕೆಲಸ, ನಿಮ್ಮದಲ್ಲ. ಕೆಲವು ಬಸ್ಸಿನಲ್ಲಿ ಇಂಟರ್‌ಲಾಕ್ ತಪ್ಪಿಸುವ ಬೈಪಾಸ್ ಸ್ವಿಚ್ ಇರುತ್ತದೆ. ಅದು ಖಾಲಿ ಬಸ್ಸನ್ನು ರಸ್ತೆಯಿಂದ ಪಕ್ಕಕ್ಕೆ ತರೋಕೆ. ಜನ ಕೂತಿರುವಾಗ ಅದನ್ನು ಮುಟ್ಟಬೇಡಿ.

ಗಾಳಿ ಮೀಟರ್ ಬಗ್ಗೆ ನೀವು ಬರೆದದ್ದು ಓದಿ ನಿಜಕ್ಕೂ ಭಯ ಆಯ್ತು. ಅದಕ್ಕೆ ಬೇರೆಯಾಗಿ ಬರೆಯುತ್ತೇನೆ.

---

ಮೂರನೇ_ಸೆಮಿಸ್ಟರ್

ಸುಮ್ನೆ ಕೇಳ್ತೀನಿ, ವಿದ್ಯಾರ್ಥಿಗಳ ಕೈಗೆ ಬಸ್ಸು ಕೊಡೋದು ಸರಿನಾ ಮೊದಲು? ಇಪ್ಪತ್ತು ವರ್ಷದ ಹುಡುಗ, ಹತ್ತು ಟನ್‌ಗೂ ಜಾಸ್ತಿ ತೂಕದ ಗಾಡಿ.

---

ಹಳೇ_ಸ್ಟೇರಿಂಗ್

ಕೊಡುತ್ತಾರೆ, ಹಳೆಯ ಪದ್ಧತಿಯೇ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಯೂನಿಟ್ರಾನ್ಸ್ ಬಸ್ ಸೇವೆ 1968ರಲ್ಲಿ ಲಂಡನ್‌ನಿಂದ ತಂದ ಎರಡು ಹಳೇ ಡಬಲ್ ಡೆಕ್ಕರ್ ಬಸ್ಸುಗಳಿಂದ ಶುರುವಾಯಿತು. ವಿದ್ಯಾರ್ಥಿ ಸಂಘವೇ ಶುರು ಮಾಡಿದ್ದು. ಇವತ್ತಿಗೂ ಅಲ್ಲಿ ಸ್ಟೇರಿಂಗ್ ಹಿಡಿಯುವವರು ವಿದ್ಯಾರ್ಥಿಗಳೇ, ಊರಿನ ಜನವೂ ಅದೇ ಬಸ್ಸು ಹತ್ತುತ್ತಾರೆ. ವಯಸ್ಸು ಸಮಸ್ಯೆ ಅಲ್ಲ ಕಣ್ರೀ. ಇಪ್ಪತ್ತರ ಹುಡುಗನಿಗೆ ‘ಆಗಲ್ಲ’ ಅನ್ನೋಕೆ ಬಾಯಿ ಬರಲ್ಲ, ನಾನು ಕಂಡ ಸಮಸ್ಯೆ ಅದು.

---

ಗ್ರೀಸ್_ಕೈ

ಈಗ ಗಾಳಿ.

ದೊಡ್ಡ ಬಸ್ಸಿನ ಬ್ರೇಕ್ ಗಾಳಿಯ ಒತ್ತಡದಿಂದ ಹಿಡಿಯುತ್ತದೆ. ಎಂಜಿನ್‌ಗೆ ಜೋಡಿಸಿದ ಕಂಪ್ರೆಸರ್ ಟ್ಯಾಂಕ್ ತುಂಬಿಸುತ್ತಾ ಇರುತ್ತದೆ. ಹೆಚ್ಚಿನ ಬಸ್ಸುಗಳಲ್ಲಿ ಮುಳ್ಳು 100ರಿಂದ 130 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ನಡುವೆ ಆಡುತ್ತಾ ಇರಬೇಕು. 60ರ ಹತ್ತಿರ ಬಂದರೆ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ. ಇನ್ನೂ ಕೆಳಗೆ ಇಳಿದು 45ರಿಂದ 20ರ ನಡುವೆ ಎಲ್ಲೋ ಒಂದು ಕಡೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಕಚ್ಚಿಕೊಳ್ಳುತ್ತದೆ. ಗಾಳಿ ಹೋದರೆ ಬಸ್ಸು ಓಡಿಹೋಗದೆ ನಿಲ್ಲಲಿ ಅಂತಲೇ ಹಾಗೆ ಮಾಡಿರುವುದು. ಆದರೆ ಅದು ಎಲ್ಲಿ ಕಚ್ಚಬೇಕು ಅಂತ ನಿಮ್ಮನ್ನು ಕೇಳುವುದಿಲ್ಲ. ತಿರುವಿನಲ್ಲಿ ಕಚ್ಚಬಹುದು, ರೈಲ್ವೆ ಗೇಟಿನ ಮೇಲೂ ಕಚ್ಚಬಹುದು.

ಪಾಳಿ ಶುರುವಾಗುವ ಮುಂಚೆ ಸಮತಟ್ಟಾದ ಜಾಗದಲ್ಲಿ, ಚಕ್ರಕ್ಕೆ ಅಡ್ಡ ಕೊಟ್ಟು, ಗಾಳಿ ಪೂರ್ತಿ ತುಂಬಿದ ಮೇಲೆ ಎಂಜಿನ್ ಆಫ್ ಮಾಡಿ. ಪಾರ್ಕಿಂಗ್ ಬ್ರೇಕ್ ಬಿಡಿ. ಪೆಡಲ್ ಒತ್ತಿ ಹಿಡಿದು, ಮೊದಲ ಇಳಿತ ಮುಗಿದ ಮೇಲೆ ಒಂದು ನಿಮಿಷ ಮೀಟರ್ ನೋಡಿ. ಅಮೆರಿಕದ ಲೈಸೆನ್ಸ್ ಕೈಪಿಡಿ ಪ್ರಕಾರ ಟ್ರೇಲರ್ ಇಲ್ಲದ ಒಂಟಿ ಗಾಡಿಗೆ ಆ ನಿಮಿಷದಲ್ಲಿ 3 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಆಮೇಲೆ ಇಗ್ನಿಷನ್ ಆನ್ ಮಾಡಿ, ಎಂಜಿನ್ ಶುರು ಮಾಡದೆ, ಪೆಡಲನ್ನು ಒತ್ತಿ ಬಿಟ್ಟು ಗಾಳಿ ಖಾಲಿ ಮಾಡಿ. ಗಂಟೆ ಹೊಡೆಯುತ್ತದಾ? ಎಷ್ಟರಲ್ಲಿ? ಪಾರ್ಕಿಂಗ್ ಬ್ರೇಕಿನ ಗುಂಡಿ ತಾನಾಗಿ ಹೊರಗೆ ಹಾರುತ್ತದಾ? ಎಲ್ಲಾ ಸೇರಿ ಐದಾರು ನಿಮಿಷದ ಕೆಲಸ.

ಇದರಲ್ಲಿ ಪಾಸ್ ಆಗದ ಬಸ್ಸನ್ನು ಗೇಟಿನಿಂದ ಆಚೆ ತಗೊಂಡು ಹೋಗಬೇಡಿ. ಯಾರು ಹೇಳಿದರೂ ಸರಿ. ಸ್ಟೇರಿಂಗ್ ಸಡಿಲ, ಹೆಡ್‌ಲೈಟ್ ಅಥವಾ ಬ್ರೇಕ್ ಲೈಟ್ ಇಲ್ಲ, ತುರ್ತು ಬಾಗಿಲು ತೆರೆಯಲ್ಲ, ಟೈರ್‌ನಲ್ಲಿ ತಂತಿ ಕಾಣುತ್ತಿದೆ, ಡೀಸೆಲ್ ಸೋರುತ್ತಿದೆ, ಇವೂ ಅದೇ ಪಟ್ಟಿ. ಸೀಟು ಹರಿದಿದೆ, ಒಂದು ಬೆಲ್ ಬಟನ್ ಕೆಲಸ ಮಾಡಲ್ಲ, ಫ್ಯಾನ್ ಗಲಾಟೆ ಮಾಡುತ್ತದೆ ಅಂದರೆ ಬರೆದಿಟ್ಟು ಓಡಿಸಿ. ವೈಪರ್ ನಡುವೆ ಬರುತ್ತದೆ. ಮಳೆ ಇಲ್ಲದ ರಾತ್ರಿ ಸಣ್ಣದು, ಮಳೆ ಬಂದರೆ ದೊಡ್ಡದು.

ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನ ಟೈರ್ ಚಪ್ಪಟೆಯಾದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಕತ್ತಲಲ್ಲಂತೂ ಕೇಳಲೇಬೇಡಿ. ಟಾರ್ಚ್ ಬಿಟ್ಟು ನೋಡಿ, ದೊಣ್ಣೆಯಿಂದ ತಟ್ಟಿ. ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

---

ಕಂಟ್ರೋಲ್_ಖುರ್ಚಿ

ಆ ಫೋನ್ ಎತ್ತಿ ‘ನಾಳೆ ನೋಡೋಣ’ ಅನ್ನುವವನು ನಾನು. ನಿಮ್ಮ ಊರಿನವನಲ್ಲ, ಆದರೆ ಎಲ್ಲಾ ಕಡೆ ಇದೇ ಕುರ್ಚಿ.

ರಾತ್ರಿ ಹನ್ನೊಂದಕ್ಕೆ ನನ್ನ ಹತ್ತಿರ ಮೆಕ್ಯಾನಿಕ್ ಇಲ್ಲ. ಸ್ಪೇರ್ ಬಸ್ಸು ಇದ್ದರೆ ಒಂದು, ಅದೂ ಯಾವುದೋ ರೂಟ್‌ನಲ್ಲಿ ನಿಂತಿರುತ್ತದೆ. ನೀವು ಬಸ್ಸು ಬೇಡ ಅಂದರೆ ಲ್ಯಾಬ್ ಮುಗಿಸಿ ಒಬ್ಬಳೇ ಸ್ಟಾಪ್‌ನಲ್ಲಿ ನಿಂತ ಹುಡುಗಿ ಎರಡು ಕಿಲೋಮೀಟರ್ ಕತ್ತಲಲ್ಲಿ ನಡೆಯುತ್ತಾಳೆ. ಅದೂ ಸುರಕ್ಷತೆಯ ಪ್ರಶ್ನೆಯೇ ಅಲ್ವಾ? ಇಲ್ಲಿ ಎಲ್ಲರೂ ಬಸ್ಸಿನ ಒಳಗಿನವರ ಬಗ್ಗೆ ಮಾತ್ರ ಬರೆಯುತ್ತಿದ್ದೀರಿ.

---

ಹಳೇ_ಸ್ಟೇರಿಂಗ್

ನಿಮ್ಮ ಮಾತು ಒಪ್ಪಿದೆ, ಅರ್ಧ. ಅರ್ಧ ದಾರಿಯಲ್ಲಿ ಬಸ್ಸು ನಿಂತರೆ ಅದೇ ಹುಡುಗಿ ಸ್ಟಾಪೂ ಇಲ್ಲದ, ದೀಪವೂ ಇಲ್ಲದ ಕಡೆ ಇಳಿಯುತ್ತಾಳೆ. ಜೊತೆಗೆ ಇನ್ನೂ ಹದಿನೈದು ಜನ. ಬಸ್ಸು ಬರಲ್ಲ ಅಂತ ಮೊದಲೇ ಗೊತ್ತಾದರೆ ಅವಳು ಲ್ಯಾಬ್‌ನಲ್ಲೇ ಕೂರುತ್ತಾಳೆ, ಯಾರನ್ನೋ ಕರೆಯುತ್ತಾಳೆ. ರದ್ದಾದ ಟ್ರಿಪ್‌ಗಿಂತ ಬರುತ್ತೇನೆ ಅಂತ ಹೇಳಿ ಬಾರದ ಟ್ರಿಪ್ ಕೆಟ್ಟದು.

ಎರಡು ರೂಟ್ ಸೇರಿಸಿ ಒಂದು ಮಾಡಿ. ಇಪ್ಪತ್ತು ನಿಮಿಷಕ್ಕೆ ಬರುವ ಬಸ್ಸು ನಲವತ್ತಕ್ಕೆ ಬರಲಿ, ಆದರೆ ಬರಲಿ. ಆ ಅಧಿಕಾರ ನಿಮ್ಮ ಕುರ್ಚಿಗೆ ಇರುತ್ತದೆ.

---

ಕಂಟ್ರೋಲ್_ಖುರ್ಚಿ

ಇದೆ. ಬಳಸಿದರೆ ಮರುದಿನ ವಿವರಣೆ ಕೊಡಬೇಕು. ಹಾಳು ಬಸ್ಸು ಕಳಿಸಿದರೆ ಯಾರೂ ಕೇಳುವುದಿಲ್ಲ, ಏನಾದರೂ ಆಗುವ ತನಕ. ವ್ಯವಸ್ಥೆ ಹೇಗಿದೆ ಅಂತ ನಿಮಗೆ ಅರ್ಥ ಆಯ್ತು ಅಂದುಕೊಳ್ಳುತ್ತೇನೆ.

ಒಂದು ವಿನಂತಿ. ರೇಡಿಯೋದಲ್ಲಿ ‘ಬಸ್ಸು ಒಂಥರಾ ಇದೆ’ ಅನ್ನಬೇಡಿ. ‘ಗಾಳಿ 70, ಏರುತ್ತಿಲ್ಲ, ನಿಲ್ಲಿಸುತ್ತಿದ್ದೇನೆ’ ಅನ್ನಿ. ಆಗ ನಾನು ಅದನ್ನೇ ಬರೆದುಕೊಂಡು ಮೇಲಿನವರಿಗೆ ತೋರಿಸಬಹುದು. ಒಂಥರಾ ಇದೆ ಅನ್ನುವುದನ್ನು ಯಾರಿಗೆ ತೋರಿಸಲಿ?

---

ನಿದ್ದೆಗೆಟ್ಟವಳು

ಬಸ್ಸಿನ ಬಗ್ಗೆ ಎಲ್ಲರೂ ಹೇಳಿದಿರಿ. ಓಡಿಸುವವರ ಬಗ್ಗೆ ನಾನು ಹೇಳುತ್ತೇನೆ. ನಾನೂ ಇದೇ ಕೆಲಸ ಮಾಡಿ ಈಗ ಬಿಟ್ಟಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ಎದ್ದವರು ರಾತ್ರಿ ಒಂದಕ್ಕೆ 17 ಗಂಟೆ ಎಚ್ಚರ ಇದ್ದ ಹಾಗಾಯಿತು. ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. 17 ಗಂಟೆ ಎಚ್ಚರ ಇದ್ದವರ ಕೈ ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟೇ ಕುಸಿದಿತ್ತು. 24 ಗಂಟೆಗೆ ಅದು ಶೇ 0.10ರ ಮಟ್ಟ. ಎಷ್ಟೋ ದೇಶಗಳಲ್ಲಿ ಮದ್ಯದ ಮಿತಿಯೇ 0.05. ಅಂದರೆ ಕುಡಿಯದೇ ಆ ಗೆರೆ ಮುಟ್ಟಿರುತ್ತೇವೆ.

ಅದರ ಮೇಲೆ ದೇಹದ ಗಡಿಯಾರ. ರಾತ್ರಿ ಎರಡರಿಂದ ಬೆಳಗಿನ ಜಾವದ ತನಕ ಎಚ್ಚರ ತೀರಾ ಕೆಳಗೆ ಇರುತ್ತದೆ, ಎಷ್ಟು ಅಭ್ಯಾಸ ಇದ್ದರೂ. ಕಣ್ಣು ತೆರೆದಿರುವಾಗಲೇ ಎರಡು ಮೂರು ಸೆಕೆಂಡ್ ಮೆದುಳು ನಿದ್ದೆಗೆ ಜಾರಬಹುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಅಂದರೆ 40 ಮೀಟರ್‌ಗೂ ಜಾಸ್ತಿ.

ಕಿಟಕಿ ತೆಗೆಯೋದು, ಹಾಡು ಹಾಕೋದು, ಮುಖಕ್ಕೆ ನೀರು ಹಾಕೋದು, ಇವುಗಳ ಗುಣ ಕೆಲವೇ ನಿಮಿಷ. ನಿಜವಾಗಿ ಕೆಲಸ ಮಾಡುವುದು ನಿದ್ದೆ ಒಂದೇ. ಪಾಳಿಗೆ ಮುಂಚೆ ಸಂಜೆ ಒಂದೂವರೆ ಗಂಟೆ ಮಲಗಿ. ನಡುವೆ ಬಿಡುವು ಸಿಕ್ಕರೆ ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, 15-20 ನಿಮಿಷ. ಅದಕ್ಕಿಂತ ಜಾಸ್ತಿ ಮಲಗಿದರೆ ಎದ್ದ ಮೇಲೆ ಮಂಪರು. ಎದ್ದ ತಕ್ಷಣ ಗೇರ್ ಹಾಕಬೇಡಿ, ಕೆಳಗಿಳಿದು ಬಸ್ಸಿಗೆ ಒಂದು ಸುತ್ತು ಹೊಡೆಯಿರಿ. ಕಾಫಿಗೆ ಅರ್ಧ ಗಂಟೆ ಬೇಕು ಏರೋಕೆ. ಐದು ಗಂಟೆ ಆದ ಮೇಲೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ರಾತ್ರಿ ಒಂದಕ್ಕೆ ಕುಡಿದರೆ ಮೂರಕ್ಕೆ ಮಲಗೋಕೆ ಅದೇ ಅಡ್ಡ ಬರುತ್ತದೆ.

ಒಂಬತ್ತರ ಕ್ಲಾಸ್ ಬಿಟ್ಟುಬಿಡಿ. ಗಂಭೀರವಾಗಿಯೇ ಹೇಳುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ಗೆ ಹೆಸರು ಕೊಡುವಾಗ ಮಧ್ಯಾಹ್ನದ ಕ್ಲಾಸ್ ಆರಿಸಿ, ಇಲ್ಲಾಂದರೆ ಪಾಳಿ ಬದಲಿಸಿ. ಎರಡನ್ನೂ ಇಟ್ಟುಕೊಂಡು ಗೆದ್ದವರನ್ನು ನಾನು ನೋಡಿಲ್ಲ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ.

---

ಕಾಯ್ದೆ_ಪುಟ

ಇಲ್ಲಿ ಒಂದು ದೊಡ್ಡ ತೂತು ಇದೆ. ಚಾಲಕರ ಗಂಟೆಗಳಿಗೆ ಎಷ್ಟೋ ಕಡೆ ಮಿತಿ ಇದೆ. ಭಾರತದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಅಮೆರಿಕದ ಕೇಂದ್ರ ನಿಯಮದಲ್ಲಿ ಪ್ರಯಾಣಿಕರ ಬಸ್ಸಿನವರು ಸತತ 8 ಗಂಟೆ ರಜೆಯ ನಂತರ ಗರಿಷ್ಠ 10 ಗಂಟೆ ಓಡಿಸಬಹುದು. ಯುರೋಪ್‌ನಲ್ಲಿ ದೂರದ ಬಸ್ಸುಗಳಿಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ಇವೆಲ್ಲಾ ಎಣಿಸುವುದು ಕೆಲಸದ ಗಂಟೆಗಳನ್ನು. ನೀವು ಹಗಲೆಲ್ಲಾ ಕ್ಲಾಸಿನಲ್ಲಿ, ಲ್ಯಾಬಿನಲ್ಲಿ ಕೂತದ್ದು ಆ ಲೆಕ್ಕದಲ್ಲಿ ‘ರಜೆ’. ಕಾಗದದ ಮೇಲೆ ವಿದ್ಯಾರ್ಥಿ ಚಾಲಕನಷ್ಟು ವಿಶ್ರಾಂತಿ ಪಡೆದವನು ಇನ್ನೊಬ್ಬನಿಲ್ಲ.

ಇನ್ನೊಂದು. ಅಮೆರಿಕದಲ್ಲಿ ಸುರಕ್ಷಿತವಲ್ಲದ ಗಾಡಿ ಓಡಿಸಲ್ಲ ಅಂದ ಚಾಲಕನನ್ನು ಶಿಕ್ಷಿಸಬಾರದು ಅಂತ 1982ರಿಂದ ಕಾನೂನು ಇದೆ. ಆದರೆ ಸರ್ಕಾರಿ ಸಂಸ್ಥೆಯ ನೌಕರರು ಅದರ ಒಳಗೆ ಬರುವುದಿಲ್ಲ. ವಿಶ್ವವಿದ್ಯಾಲಯ ಸರ್ಕಾರದ್ದಾದರೆ ಬೇರೆ ದಾರಿ ಹುಡುಕಬೇಕು. ನಿಮ್ಮ ಒಪ್ಪಂದದ ಪತ್ರ ತೆಗೆದು ಓದಿ, ಅಲ್ಲಿ ಈ ಬಗ್ಗೆ ಒಂದು ಸಾಲಾದರೂ ಇದೆಯಾ ನೋಡಿ.

---

ಮೂರನೇ_ಸೆಮಿಸ್ಟರ್

ಬಸ್ಸು ತುಂಬಾ ಜನ ಇರುವಾಗ ಕತ್ತಲಲ್ಲಿ ನಿಂತರೆ ಏನು ಮಾಡ್ತೀರಿ? ನಾನು ಹತ್ತುವವನು, ಓಡಿಸುವವನಲ್ಲ. ಒಮ್ಮೆ ಹೀಗಾದಾಗ ಡ್ರೈವರ್ ಏನೂ ಹೇಳದೆ ಫೋನ್ ಹಿಡಿದು ಕೆಳಗಿಳಿದು ಹೋದ. ನಾವು ಒಳಗೆ ಕೂತೇ ಇದ್ವಿ.

---

ಹಳೇ_ಸ್ಟೇರಿಂಗ್

ಮೊದಲ ಕೆಲಸ ಮಾತಾಡೋದು. ‘ಬಸ್ಸು ಕೆಟ್ಟಿದೆ, ಬೆಂಕಿ ಇಲ್ಲ, ಭಯ ಇಲ್ಲ, ಬೇರೆ ಬಸ್ಸು ಕೇಳುತ್ತಿದ್ದೇನೆ, ಐದು ನಿಮಿಷದಲ್ಲಿ ಮತ್ತೆ ಹೇಳುತ್ತೇನೆ.’ ಐದು ನಿಮಿಷಕ್ಕೆ ಹೊಸದೇನೂ ಇಲ್ಲದಿದ್ದರೂ ಹೇಳಿ. ಜನ ಕಾಯುತ್ತಾರೆ, ಮೌನವನ್ನು ಸಹಿಸುವುದಿಲ್ಲ.

ಅಪಾಯದ ದೀಪ ಹಾಕಿ. ಬ್ಯಾಟರಿ ಸೋತಿದ್ದರೆ ಫ್ಯಾನು ಮತ್ತು ಬೋರ್ಡು ಆಫ್ ಮಾಡಿ, ಹೊರಗಿನ ದೀಪ ಮಾತ್ರ ಆಫ್ ಮಾಡಬೇಡಿ. ರಸ್ತೆಯಲ್ಲಿ ಇಡುವ ಎಚ್ಚರಿಕೆಯ ತ್ರಿಕೋನ ಮೂರು ಇರುತ್ತವೆ. ಎರಡು ದಿಕ್ಕಿನ ರಸ್ತೆಯಾದರೆ ಒಂದು ಬಸ್ಸಿನ ಹಿಂದೆ ಮೂರು ಮೀಟರ್‌ಗೆ, ಒಂದು ಮೂವತ್ತು ಮೀಟರ್ ಹಿಂದೆ, ಒಂದು ಮೂವತ್ತು ಮೀಟರ್ ಮುಂದೆ. ಇಡೋಕೆ ಹೋಗುವಾಗ ತ್ರಿಕೋನವನ್ನು ಎದೆಯ ಮುಂದೆ ಹಿಡಿದು ನಡೆಯಿರಿ, ಬರುವ ಗಾಡಿಗೆ ನೀವು ಕಾಣಬೇಕು. ಬಸ್ಸು ಹಿಂದಿನಿಂದ ಗುದ್ದಿಸಿಕೊಳ್ಳುವ ಜಾಗದಲ್ಲಿದ್ದರೆ ಮಾತ್ರ ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಇಲ್ಲದಿದ್ದರೆ ಒಳಗೇ ಇರಲಿ.

ಹೊಗೆ ಅಥವಾ ಸುಟ್ಟ ವಾಸನೆ ಬಂದರೆ ಈ ಲೆಕ್ಕಾಚಾರ ಯಾವುದೂ ಬೇಡ. ನಿಲ್ಲಿಸಿ, ಬಾಗಿಲು ತೆಗೆಯಿರಿ, ಎಲ್ಲರೂ ಹೊರಗೆ. ಎಂಜಿನ್ ಹಿಂದೆ ಇರುವುದರಿಂದ ಬೆಂಕಿ ಹತ್ತಿದ್ದು ಡ್ರೈವರ್‌ಗೆ ಕೊನೆಗೆ ಗೊತ್ತಾಗುತ್ತದೆ. ಹಿಂದಿನ ಸೀಟಿನವರು ‘ಏನೋ ವಾಸನೆ’ ಅಂದರೆ ಕಡೆಗಣಿಸಬೇಡಿ. ಎಂಜಿನ್ ಬಾಗಿಲು ತೆರೆದು ಇಣುಕಬೇಡಿ, ಗಾಳಿ ಸಿಕ್ಕರೆ ಬೆಂಕಿ ಎದ್ದು ಬರುತ್ತದೆ.

---

ಗ್ರೀಸ್_ಕೈ

ಇದಕ್ಕೆ ಒಂದು ಸೇರಿಸುತ್ತೇನೆ, ಹೊಸ ಡೀಸೆಲ್ ಬಸ್ಸು ಓಡಿಸುವವರಿಗೆ. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಬೇಕಾದರೆ ಹೊಗೆ ಚೆನ್ನಾಗಿ ಬಿಸಿ ಇರಬೇಕು. ರಾತ್ರಿಯ ಕ್ಯಾಂಪಸ್ ರೂಟ್ ಅಂದರೆ ನಿಧಾನ, ಜಾಸ್ತಿ ನಿಲುಗಡೆ, ಗಂಟೆಗಟ್ಟಲೆ ಐಡಲ್. ಬಿಸಿ ಏರುವುದೇ ಇಲ್ಲ, ಮಸಿ ತುಂಬುತ್ತದೆ, ಎಂಜಿನ್ ಶಕ್ತಿ ತಾನಾಗಿ ಇಳಿಯುತ್ತದೆ. ‘ಈ ಬಸ್ಸಿಗೆ ದಮ್ಮಿಲ್ಲ’ ಅಂತ ರಾತ್ರಿಯವರು ಹೇಳುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಆ ಫಿಲ್ಟರ್‌ನ ದೀಪ ಬಂದ ದಿನವೇ ಬರೆದಿಡಿ. ಬಸ್ಸು ನಿಂತಿರುವಾಗ ಮಸಿ ಸುಡುವ ಬಟನ್ ಇದ್ದರೆ ಒಣ ಹುಲ್ಲಿನ ಮೇಲೆ ನಿಲ್ಲಿಸಿ ಒತ್ತಬೇಡಿ. ಫಿಲ್ಟರ್ ಒಳಗಿನ ಬಿಸಿ ಸುಮಾರು 600 ಡಿಗ್ರಿ ಮುಟ್ಟುತ್ತದೆ.

ಈಗ ದೋಷದ ಪುಸ್ತಕ. ನನ್ನ ಪ್ರಕಾರ ಇಡೀ ಚರ್ಚೆ ನಿಂತಿರುವುದು ಇದರ ಮೇಲೆ. ರಾತ್ರಿಯವರನ್ನು ನಾವು ನೋಡುವುದೇ ಇಲ್ಲ, ನೀವು ಹೋದ ಮೇಲೆ ನಾವು ಬರುತ್ತೇವೆ. ನಮ್ಮ ನಡುವೆ ಇರುವುದು ಆ ಪುಸ್ತಕ ಒಂದೇ. ಅದರಲ್ಲಿ ‘ಬ್ರೇಕ್ ಸರಿಯಿಲ್ಲ’ ಅಂತ ಇದ್ದರೆ ನಾನು ಪೆಡಲ್ ಒತ್ತಿ ನೋಡುತ್ತೇನೆ, ಹಿಡಿಯುತ್ತದೆ, ಸಹಿ ಹಾಕುತ್ತೇನೆ. ಅದರ ಬದಲು ಹೀಗಿರಲಿ: ‘ಒಂದು ಗಂಟೆ ಓಡಿದ ಮೇಲೆ. ಸಾಲಾಗಿ ನಾಲ್ಕು ಸ್ಟಾಪ್. ಬಾಗಿಲು ಪ್ರತಿ ಸಲ ತೆರೆದೆ. ಗಾಳಿ 115ರಿಂದ 75ಕ್ಕೆ. ಮತ್ತೆ ಏರೋಕೆ ಎರಡು ನಿಮಿಷ. ಹಿಂದಿನ ಎಡಗಡೆ ಸುಯ್ ಶಬ್ದ.’ ಇದನ್ನು ಓದಿದರೆ ನಾನು ಬಸ್ಸನ್ನು ಬಿಸಿ ಮಾಡಿ, ಬಾಗಿಲು ಆಡಿಸಿ, ಆ ಕಡೆಗೇ ಸೋಪು ನೀರು ಹಿಡಿದು ಹೋಗುತ್ತೇನೆ. ರೋಗದ ಹೆಸರು ನೀವು ಹೇಳಬೇಡಿ, ಲಕ್ಷಣ ಹೇಳಿ. ಬರೆದ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಸಮಯ ಕಾಣುವ ಹಾಗೆ.

‘ಸರಿ ಇದೆ’ ಅಂತ ಸುಮ್ನೆ ಗೀಚಿ ಹೋಗುವ ಡ್ರೈವರ್‌ಗಳಿದ್ದಾರಲ್ಲ, ನಿಮ್ಮ ಹಿಂದಿನ ಪಾಳಿಯವರು, ನನಗೆ ಕಂಟ್ರೋಲ್‌ಗಿಂತ ಅವರ ಮೇಲೆ ಸಿಟ್ಟು ಜಾಸ್ತಿ.

---

ರಾತ್ರಿ_ರೂಟ್

ಎಲ್ಲರಿಗೂ ಥ್ಯಾಂಕ್ಸ್. ಗ್ರೀಸ್_ಕೈ ಹೇಳಿದ ಗಾಳಿ ಪರೀಕ್ಷೆಯನ್ನು ನಿನ್ನೆ ಪಾಳಿಗೆ ಮುಂಚೆ ಮಾಡಿದೆ. ನಿಂತಲ್ಲಿ ಪಾಸ್. ಗಂಟೆಯೂ ಹೊಡೆಯಿತು. ಆದರೆ ಬಿಸಿಯಾದ ಮೇಲೆ ಅದೇ ಕಥೆ, ಮುಳ್ಳು 80ರ ಹತ್ತಿರ. ಖಾಲಿ ಸ್ಟಾಪ್‌ನಲ್ಲಿ ನಿಲ್ಲಿಸಿ ರೇಡಿಯೋದಲ್ಲಿ ಸಂಖ್ಯೆ ಹೇಳಿದೆ, ನಿಲ್ಲಿಸುತ್ತಿದ್ದೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಸರಿ, ವಾಪಸ್ ತಾ, ಜನ ಹತ್ತಿಸಬೇಡ’ ಅಂದರು. ಎರಡು ರೂಟ್ ಸೇರಿಸಿದರು. ಬೈದವರೂ ಇದ್ದರು ಸ್ಟಾಪ್‌ನಲ್ಲಿ, ನ್ಯಾಯವೇ.

ಪುಸ್ತಕದಲ್ಲಿ ಅರ್ಧ ಪುಟ ಬರೆದಿದ್ದೇನೆ. ನನ್ನ ಹಿಂದೆ ಅದೇ ವಾರ ಆ ಬಸ್ಸು ಓಡಿಸಿದ ಎಲ್ಲರೂ ‘ಸರಿ ಇದೆ’ ಬರೆದಿದ್ದಾರೆ. ಅವರಲ್ಲಿ ಇಬ್ಬರನ್ನು ಕೇಳಿದೆ. ಇಬ್ಬರಿಗೂ ಗಾಳಿಯ ವಿಷಯ ಗೊತ್ತಿತ್ತು. ‘ಬರೆದರೆ ಏನಾಗುತ್ತೆ ಬಿಡು’ ಅಂದರು.

ಇನ್ನೊಂದು ಕೇಳಬೇಕಿತ್ತು. ಹಿಂಬಾಗಿಲಿನ ಸ್ವಿಚ್ ಮೇಲೆ ಯಾರೋ ಟೇಪ್ ಸುತ್ತಿದ್ದಾರೆ. ಅದರಿಂದಲೇ ಈಗ ಬಸ್ಸು ತಕರಾರಿಲ್ಲದೆ ಮುಂದೆ ಹೋಗುತ್ತಿದೆ. ಬಿಡಲಾ, ತೆಗೆಯಲಾ?

---

ಗ್ರೀಸ್_ಕೈ

ಎರಡೂ ಬೇಡ. ಫೋಟೋ ತೆಗೆಯಿರಿ, ಪುಸ್ತಕದಲ್ಲಿ ಬರೆಯಿರಿ, ಕೀ ವಾಪಸ್ ಕೊಡಿ. ಆ ಟೇಪ್ ಇರುವ ತನಕ ಬಾಗಿಲು ತೆರೆದಿದ್ದರೂ ಬಸ್ಸು ಹೊರಡುತ್ತದೆ. ಒಂದು ಕಾಲು ಇನ್ನೂ ಮೆಟ್ಟಿಲ ಮೇಲೆ ಇದ್ದರೂ ಹೊರಡುತ್ತದೆ. ಟೇಪ್ ನೀವೇ ಕಿತ್ತರೆ ಸಾಕ್ಷಿ ಹೋಯಿತು, ಬಸ್ಸೂ ಹೋಗಲ್ಲ, ಕೆಡಿಸಿದ್ದು ನೀವೇ ಅಂತಾರೆ.

---

ಕಂಟ್ರೋಲ್_ಖುರ್ಚಿ

ಆ ಫೋಟೋವನ್ನು ಕಂಟ್ರೋಲ್‌ಗೂ ಕಳಿಸಿ, ಲಿಖಿತವಾಗಿ. ಫೋನ್‌ನಲ್ಲಿ ಹೇಳಿದರೆ ನಮ್ಮಂಥವರು ಮರೆಯೋದು ಸುಲಭ.